ಬಿಸಿಲು ಕೂಡಿಟ್ಟ ಅತ್ತೆ

ಬಳ್ಳಾರಿಯ ಬಿಸಿಲನ್ನು ಬೈಯುವವರನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಅದನ್ನು ಪೆಟ್ಟಿಗೆಯಲ್ಲಿಟ್ಟು ಜೋಪಾನ ಮಾಡುವವರನ್ನು ನೋಡಿದ್ದೀರಾ? ಬನ್ನಿ, ಕಂಟೋನ್ಮೆಂಟಿನ ನಮ್ಮ ಮನೆಗೆ! ಅಂಥವಳೊಬ್ಬಳಿದ್ದಾಳೆ, ನನ್ನ ಸೋದರತ್ತೆ.

ಚಂದ್ರನ ಮೇಲೆ ಜನ ಮನೆ ಮಾಡಿದರೆ ಕರೆಂಟಿಗೇನು ಗತಿ ಎಂಬುದೇ ಆಕೆಯ ಚಿಂತೆ. ಸೋಲಾರ್ ಹಾಕಬಹುದು, ಆದರೆ ಅಲ್ಲಿ ಎರಡು ವಾರ ಹಗಲು, ಎರಡು ವಾರ ರಾತ್ರಿ. ಹಗಲಿನ ಕಾವನ್ನು ಅಲ್ಲಿನ ಕಲ್ಲುಮಣ್ಣಿನಲ್ಲೇ ಹಿಡಿದಿಟ್ಟು, ಕತ್ತಲಾದ ಮೇಲೆ ಅದರಿಂದ ಕರೆಂಟ್ ತೆಗೆಯಬೇಕಂತೆ. ಸಿರಿಗೇರಿಯ ಮದುವೆಯೊಂದರಲ್ಲಿ ಊಟಕ್ಕೆ ಕೂತಾಗ ಇದನ್ನೇ ವಿವರಿಸಿದಳು. ಪಕ್ಕದಲ್ಲಿದ್ದ ರೈತರೊಬ್ಬರು ಹೋಳಿಗೆ ಮುರಿಯುತ್ತಾ, "ಎರಡು ವಾರ ಒಂದೇ ಸಮ ಕರೆಂಟ್ ಇರ್ತೈತೇನ್ರೀ? ಹಂಗಾದ್ರ ನಮ್ಮ ಪಂಪ್‌ಸೆಟ್ಟೂ ಅಲ್ಲೇ ಹಾಕಿಸ್ರಿ!" ಎಂದರು. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಎಲೆಯಲ್ಲಿ ಮುಖ ಮುಚ್ಚಿಕೊಳ್ಳುವುದೊಂದು ಬಾಕಿ!

ಅತ್ತೆ ಸೋಲುವವಳೇ? ಕುರುಗೋಡಿನಿಂದ ಕಲ್ಲು ಬಂತು, ಸಿರುಗುಪ್ಪದ ರೈಸ್‌ಮಿಲ್ಲಿನಿಂದ ಭತ್ತದ ಹೊಟ್ಟು ಬಂತು. ಕಲ್ಲನ್ನು ಮಾಳಿಗೆಯ ಮೇಲೆ ಕಾಯಿಸಿ, ಕಾವು ಆರದಂತೆ ಹೊಟ್ಟು ತುಂಬಿದ ಪೆಟ್ಟಿಗೆಯಲ್ಲಿ ಹೂತು, ಮೇಲೊಂದು ತಗಡು ಮುಚ್ಚಿ, ಚಾದರ ಹೊದಿಸಿ ಪಡಸಾಲೆಯಲ್ಲಿಟ್ಟಳು. ಅದೂ ನಡುಬೇಸಿಗೆಯಲ್ಲಿ!

ಅದೇ ಸಂಜೆ ನನ್ನನ್ನು ನೋಡಲು ಗಂಡಿನವರು ಬಂದರು. ಕುರ್ಚಿ ಸಾಲದೆ ಗಂಡಿನ ತಾಯಿ ಆ ಪೆಟ್ಟಿಗೆಯ ಮೇಲೆ ಕೂತರು. ಕೂತಷ್ಟೇ ಬೇಗ ಎದ್ದರು!

"ಯವ್ವಾ, ಸುಡಾಕತ್ತೈತಿ!"

ಅತ್ತೆಯ ಮುಖ ಅರಳಿತು. "ಹೌದೇನ್ರೀ? ಅದು ಮಧ್ಯಾಹ್ನದ ಬಿಸಿಲ್ರೀ!"

ಆ ಸಂಬಂಧ ಅಲ್ಲಿಗೇ ಮುಗಿಯಿತು. ಬೀದಿಯವರ ಮುಂದೆ ನಾನು ಒಂದು ವಾರ ತಲೆ ಎತ್ತಲಿಲ್ಲ.

ಇನ್ನೊಂದು ಕಡೆಯವರು ಬರುವ ದಿನ ಅತ್ತೆಗೆ ಕೈಮುಗಿದೆ. "ಅತ್ತಿ, ಇವತ್ತು ಬಾಯಿ ಬಿಚ್ಚಬ್ಯಾಡ. ನನ್ನ ಮಾನ ಉಳಸು." ಅತ್ತೆ ಪೆಟ್ಟಿಗೆಯನ್ನು ತಾನೇ ಹಿತ್ತಿಲಿಗೆ ಎಳೆದುಕೊಂಡು ಹೋದಳು.

ಬಂದವರಿಗೆ ಮಂಡಕ್ಕಿ ಮಿರ್ಚಿ ಕೊಡುವಷ್ಟರಲ್ಲಿ ಕರೆಂಟ್ ಹೋಯಿತು. ಗಂಡಿನ ತಂದೆ ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಇಲ್ಲೇ ಹಿಂಗ. ಇನ್ನ ಚಂದ್ರನ ಮ್ಯಾಲೆ ಮಂದೀನ ಇಡ್ತಾರಂತ, ಅಲ್ಲಿ ಕರೆಂಟ್ ಹೆಂಗ ಕೊಡ್ತಾರ?" ಎಂದರು.

ನಾನು ತಿರುಗಿ ನೋಡಿದೆ. ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗಿನಿಂದ ಬಾಯಿ ಒತ್ತಿ ಹಿಡಿದು ನಿಂತಿದ್ದಳು. ಹೇಳಲೇನವ್ವಾ ಎಂದು ಆಕೆಯ ಕಣ್ಣು ನನ್ನನ್ನೇ ಕೇಳುತ್ತಿತ್ತು. ಆಕೆ ಇಷ್ಟು ವರ್ಷ ಕಾದಿದ್ದ ಪ್ರಶ್ನೆಯನ್ನು ಕೊನೆಗೂ ಒಬ್ಬರು ಕೇಳಿದ್ದರು, ನಾನು ಆಕೆಯ ಬಾಯಿಗೆ ಬೀಗ ಹಾಕಿ ಕೂತಿದ್ದೆ. ಈಗ ನನ್ನ ಬಗ್ಗೆಯೇ ನನಗೆ ನಾಚಿಕೆಯಾಯಿತು.

"ನಮ್ಮತ್ತೀನ ಕೇಳ್ರಿ, ಆಕಿಗೆ ಗೊತ್ತೈತಿ," ಎಂದೆ.

ಹೆಣ್ಣಿಗೆಂದು ಎಲ್ಲರ ಎದುರಿಗೆ ಹಾಕಿದ್ದ ಕುರ್ಚಿಯಿಂದ ಎದ್ದು, ಕೈಹಿಡಿದು ಆಕೆಯನ್ನು ಅಲ್ಲಿ ಕೂರಿಸಿದೆ.