ಯೋಕಂ ವಂಶದ ಕೊನೇ ಕಾಗದ

ಡೆಲ್ಮಾ: ನಾನು ಸತ್ತೋರನ್ನ ಹುಡುಕ್ತಿಲ್ಲ ಕಣೋ, ಅವರ ಕಾಗದ ಹುಡುಕ್ತಿದೀನಿ. ಎರಡೂ ಒಂದೇ ಅಲ್ಲ.

ಹೋಬರ್ಟ್: ಅಲ್ವೇ ಅಲ್ಲ. ಸತ್ತೋರು ಒಂದ್ಕಡೆ ತೆಪ್ಪಗೆ ಮಲಗಿರ್ತಾರೆ. ಈ ಕಾಗದ ನೋಡು, ಬೆಳಗ್ಗೆಯಿಂದ ನನ್ನ ಕುಣಿಸ್ತಿದೆ.

ಡೆಲ್ಮಾ: ನೀನೆಲ್ಲಿ ಕುಣಿದೆ? ಬೆಂಚಿನ ಮೇಲೆ ಕೂತು ಎರಡು ಸಲ ಗೊರಕೆ ಹೊಡೆದೆ.

ಅಮೆರಿಕದ ಮಿಸೌರಿ ರಾಜ್ಯದ ಗುಡ್ಡಸೀಮೆಯ ಟಿಲ್‌ಫೋರ್ಡ್ ಕೌಂಟಿಯಲ್ಲಿ ದಾಖಲೆ ಕಚೇರಿ ಇರುವುದು ನ್ಯಾಯಾಲಯದ ನೆಲಮಾಳಿಗೆಯಲ್ಲಿ. ಕಟಕಟೆಯ ಈಚೆ ಅರವತ್ತೊಂಬತ್ತರ ಡೆಲ್ಮಾ ಕ್ರಂಪ್ಲರ್, ಪಕ್ಕದಲ್ಲಿ ಆಕೆಯ ಗಂಡ, ಟ್ರ್ಯಾಕ್ಟರ್ ರಿಪೇರಿ ಮಾಡಿ ನಿವೃತ್ತನಾದ ಹೋಬರ್ಟ್. ಆಚೆ, ಧೂಳು ಮೆತ್ತಿದ ಏಪ್ರನ್ನಿನಲ್ಲಿ ಗುಮಾಸ್ತೆ ಲೊರೀನ್ ಪೆಟಿಜಾನ್. ಕೌಂಟಿ ಹುಟ್ಟಿದ ಕಾಲದಲ್ಲೇ ಬಂದು ನೆಲೆಸಿದ ಮನೆತನಗಳ ಹೆಸರನ್ನು ನ್ಯಾಯಾಲಯದ ಅಂಗಳದ ಕಲ್ಲಿನಲ್ಲಿ ಕೆತ್ತಿಸುತ್ತಾರೆ. ಅರ್ಜಿ ಕೊಡಲು ಈ ದಿನ ನಾಲ್ಕೂವರೆಯೇ ಗಡುವು. ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು.

ಲೊರೀನ್: ಯೋಕಂ ಅಂತ ಹಳೇ ಪುಸ್ತಕದಲ್ಲಿ ಒಬ್ಬನೂ ಇಲ್ಲಮ್ಮ.

ಡೆಲ್ಮಾ: ಓಕಂ ಅಂತ ನೋಡು. ಬರೆದೋರಿಗೆ ಕೇಳಿಸಿದ್ದೇ ಕಾಗುಣಿತ.

ಲೊರೀನ್: ಓಕಂ ಇಲ್ಲ... ಯೂಕಂ ಇಲ್ಲ... ಜೋಕಂ ಅಂತ ಒಬ್ಬ ಇದ್ದಾನೆ.

ಹೋಬರ್ಟ್: ಅವನೇ! ಅನುಮಾನವೇ ಬೇಡ. ಇವರ ವಂಶವೇ ಒಂದು ಜೋಕು.

ಡೆಲ್ಮಾ: ಬಾಯಿ ಮುಚ್ಚು. ಹೆಸರೇನಮ್ಮ ಅವನದು?

ಲೊರೀನ್: ಅಬ್ಸಲಂ ಜೋಕಂ. ವಧು ಕೆಜಾಯಾ. ಸಾವಿರದ ಎಂಟುನೂರ ನಲವತ್ತೊಂದು, ಫೆಬ್ರವರಿ. ಸಹಿ ಹಾಕೋ ಜಾಗದಲ್ಲಿ ಒಂದು ಕತ್ತರಿ ಗುರುತು ಗೀಚಿದ್ದಾನೆ.

ಡೆಲ್ಮಾ ಕನ್ನಡಕ ಒರೆಸಿಕೊಂಡು ಬಗ್ಗಿದಳು. ಮುತ್ತಜ್ಜನ ಅಜ್ಜ ಗೀಚಿದ ಆ ಎರಡು ಗೆರೆಗಳ ಮೇಲೆ ಬೆರಳು ತಾಗಿಸದೆ, ಗಾಳಿಯಲ್ಲೇ ಆಡಿಸಿದಳು.

ಡೆಲ್ಮಾ: ಇವನೇ. ಅಬ್ಸಲಂ, ಕೆಜಾಯಾ, ಅಪ್ಪ ಹೇಳ್ತಿದ್ದ ಹೆಸರುಗಳೇ. ಅಪ್ಪ ಬಾಯಿಬಿಟ್ಟರೆ ಇದೇ ಮಾತು, ಇಲ್ಲಿಗೆ ಮೊದಲು ಬಂದೋರು ನಾವು ಅಂತ. ಗೇಣಿಗೆ ಉಳೋನ ಮಾತು ಅಂತ ಊರೆಲ್ಲ ನಕ್ಕುಬಿಡ್ತು.

ಹೋಬರ್ಟ್ (ಮೆತ್ತಗೆ): ನಾನೂ ನಕ್ಕಿದ್ದೆ.

ಡೆಲ್ಮಾ: ಗೊತ್ತು.

ಹೋಬರ್ಟ್: ಏನು ಮಾಡ್ಲೇ? ಕರುವಿನಷ್ಟು ದೊಡ್ಡ ಕ್ಯಾಟ್‌ಫಿಶ್ ಹಿಡಿದೆ ಅಂತಲೂ ಅದೇ ಉಸಿರಲ್ಲಿ ಹೇಳೋನು ಮಾವ. ಯಾವುದನ್ನ ನಂಬಬೇಕು?

ಲೊರೀನ್ ಒಂದೊಂದೇ ಪುಸ್ತಕ ಇಳಿಸಿದಳು. ಅಬ್ಸಲಂನ ಮಗನ ಮದುವೆ ಸಿಕ್ಕಿತು, ಮೊಮ್ಮಗನದೂ ಸಿಕ್ಕಿತು. ಅಜ್ಜನದು ಇಲಿ ಕಡಿದಿದ್ದರೂ ಓದಲು ಬರುತ್ತಿತ್ತು. ಅಪ್ಪನದಂತೂ ಇಸ್ತ್ರಿ ಮಾಡಿಟ್ಟ ಹಾಗಿತ್ತು. ಗಡಿಯಾರ ನಾಲ್ಕು ಹೊಡೆಯಿತು.

ಲೊರೀನ್: ಐದು ತಲೆಮಾರು ಪಕ್ಕಾ. ಇನ್ನು ನಿಮ್ಮದೊಂದು. ಅರ್ಜಿಯಲ್ಲಿ ಡೆಲ್ಮಾ ಕ್ರಂಪ್ಲರ್ ಅಂತ ಬರೆದಿದ್ದೀರಿ. ಯೋಕಂ ಹುಡುಗಿ ಕ್ರಂಪ್ಲರ್ ಆದದ್ದಕ್ಕೆ ಮದುವೆ ಕಾಗದ ಬೇಕು.

ಡೆಲ್ಮಾ: ತೆಗಿಯಮ್ಮ. ಎಪ್ಪತ್ತೆಂಟು, ಜೂನ್.

ಲೊರೀನ್ ಪುಟ ತಿರುಗಿಸಿದಳು. ಹಿಂದಕ್ಕೆ ತಿರುಗಿಸಿದಳು. ಮತ್ತೆ ಮುಂದಕ್ಕೆ ತಿರುಗಿಸಿ, ಇಬ್ಬರ ಮುಖವನ್ನೂ ನೋಡಿದಳು.

ಲೊರೀನ್: ನೀವು... ಮದುವೆಯಾಗಿಲ್ಲ.

ಹೋಬರ್ಟ್: ಏನಂದೆ? ಜೋರಾಗಿ ಹೇಳು.

ಲೊರೀನ್: ಮದುವೆಯಾಗೋಕೆ ಪರವಾನಗಿ ಕೊಟ್ಟಿದ್ದು ಇದೆ. ಮದುವೆ ಮಾಡಿಸಿ ಪಾದ್ರಿ ಸಹಿ ಹಾಕಿದ ಮೇಲೆ ಆ ಕಾಗದ ಇಲ್ಲಿಗೆ ವಾಪಸ್ ಬರಬೇಕು. ಬಂದೇ ಇಲ್ಲ. ನೋಡಿ, ಪುಟದ ಕೆಳಗಿನರ್ಧ ಖಾಲಿ.

ಡೆಲ್ಮಾ: ಮೂರು ಮಕ್ಕಳಿದಾರಲ್ಲೇ ನಮಗೆ!

ಲೊರೀನ್: ಅದು ಬೇರೆ ಪುಸ್ತಕ.

ಹೋಬರ್ಟ್ ನಗಲು ಶುರುಮಾಡಿದವನು ಕಟಕಟೆ ಹಿಡಿದುಕೊಂಡ. ಕಣ್ಣಲ್ಲಿ ನೀರು ಬಂತು.

ಹೋಬರ್ಟ್: ನಾನು ಬ್ರಹ್ಮಚಾರಿ! ನಲವತ್ತಾರು ವರ್ಷ ಸುಮ್ಸುಮ್ನೆ ಪಾತ್ರೆ ತೊಳೆದೆನಲ್ಲೋ ದೇವರೇ! ನಿಮ್ಮಮ್ಮನ್ನ ಹತ್ತು ವರ್ಷ ಚರ್ಚಿಗೆ ಕರ್ಕೊಂಡು ಹೋದೆ, ಯಾರಮ್ಮ ಆಕೆ? ನನಗೇನಾಗಬೇಕು?

ಡೆಲ್ಮಾ: ನಗು, ನಗು. ಪಾದ್ರಿ ಟಾಲಿವರ್ ನನ್ನ ಕಣ್ಣೆದುರೇ ಸಹಿ ಹಾಕಿದ್ರು. "ಸೋಮವಾರ ಕಚೇರಿಗೆ ಮುಟ್ಟಿಸಪ್ಪ" ಅಂತ ಒಬ್ಬರ ಕೈಗೆ ಕೊಟ್ರು. ಯಾರ ಕೈಗೆ, ಹೋಬರ್ಟ್?

ನಗು ನಿಂತಿತು.

ಹೋಬರ್ಟ್: ಸೋಮವಾರ ಅಂದ್ರಾ?

ಡೆಲ್ಮಾ: ಸೋಮವಾರ.

ಹೋಬರ್ಟ್: ಸೋಮವಾರ ಹೊಳೇಲಿ ಮೀನು ಚೆನ್ನಾಗಿ ಕಚ್ಚುತ್ತಿತ್ತು ಕಣೇ... ಕಾಗದ ಟ್ರಕ್ಕಿನ ಮುಂದಿನ ಡಬ್ಬಿಲಿತ್ತು. ಮಂಗಳವಾರ ಕೊಡೋಣ ಅಂದ್ಕೊಂಡೆ.

ಡೆಲ್ಮಾ: ಆ ಟ್ರಕ್ಕೆಲ್ಲಿ?

ಹೋಬರ್ಟ್: ಮಾರಿದ್ನಲ್ಲ, ಎಂಬತ್ತೆರಡರಲ್ಲಿ. ಅರ್ಕನ್ಸಾಸಿನೋನಿಗೆ.

ಡೆಲ್ಮಾ: ಸಹಿ ಬಾರದ ಅಬ್ಸಲಂ, ಸೇತುವೆ ಇಲ್ಲದ ಕಾಲದಲ್ಲಿ, ಫೆಬ್ರವರಿ ಚಳೀಲಿ ಹೊಳೆ ದಾಟಿ ಬಂದು ಕಾಗದ ಕೊಟ್ಟುಹೋದ. ನೀನು ಹೈಸ್ಕೂಲು ಓದಿದೋನು! ನಾಲ್ಕು ಮೈಲಿ ಡಾಂಬರು ರಸ್ತೆ!

ಹೋಬರ್ಟ್: ಅವನಿಗೆ ಗಾಳ ಹಾಕೋಕೆ ಬರ್ತಿರಲಿಲ್ಲ ಅಂತ ಕಾಣುತ್ತೆ.

ಡೆಲ್ಮಾ ಬೆಂಚಿನ ಮೇಲೆ ಹೋಗಿ ಕೂತಳು. ನಾಲ್ಕೂ ಹದಿನೈದು. ಐದು ತಲೆಮಾರಿನ ಕಾಗದಗಳ ನಕಲು ಮಡಿಲಲ್ಲಿತ್ತು. ಬದುಕಿರುವವರದ್ದೊಂದೇ ಇರಲಿಲ್ಲ.

ಡೆಲ್ಮಾ: ಆಯ್ತು ಬಿಡು. ಅಪ್ಪನ ಹೆಸರು ಕಲ್ಲಿಗೆ ಏರಲ್ಲ.

ಹೋಬರ್ಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. ಅವನಿಗೆ ಈಗ ನಿಜಕ್ಕೂ ಬೇಜಾರಾಗಿತ್ತು.

ಹೋಬರ್ಟ್: ಲೊರೀನ್, ಏನಾದ್ರೂ ದಾರಿ ನೋಡವ್ವ. ತಪ್ಪು ನನ್ನದು. ಬೇಕಾದ್ರೆ ಬರ್ಕೊಡ್ತೀನಿ.

ಲೊರೀನ್ ನಿಯಮದ ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಓದಿದಳು. ಅವಳ ತುಟಿಯಂಚಿನಲ್ಲಿ ನಗು ಇಣುಕಿತು.

ಲೊರೀನ್: "ವಿವಾಹಿತ ಮಹಿಳೆಯರು ಮದುವೆ ದಾಖಲೆ ಲಗತ್ತಿಸತಕ್ಕದ್ದು. ಅವಿವಾಹಿತರಿಗೆ ಜನನ ಪತ್ರ ಸಾಕು." ಜನನ ಪತ್ರ ತಂದಿದ್ದೀರಾ?

ಡೆಲ್ಮಾ: ಇದೆ! ಡೆಲ್ಮಾ ಯೋಕಂ, ತಂದೆ ರೂಫಸ್ ಯೋಕಂ.

ಲೊರೀನ್: ಹಾಗಾದ್ರೆ ನೀವು ಮಿಸ್ ಯೋಕಂ. ಪುಸ್ತಕವೇ ಹೇಳ್ತಿದೆ. ಮೇಲೆ ಹೆಸರು ತಿದ್ದಿ, ಸಹಿ ಮಾಡಿ.

ಡೆಲ್ಮಾ "ಕ್ರಂಪ್ಲರ್" ಎಂಬುದನ್ನು ಎಷ್ಟು ಹುರುಪಿನಿಂದ ಹೊಡೆದುಹಾಕಿದಳೆಂದರೆ ಹಾಳೆ ಹರಿಯುವುದರಲ್ಲಿತ್ತು. ಲೊರೀನ್ ಮೊಹರು ಗುದ್ದಿದಳು. ನಾಲ್ಕೂ ಇಪ್ಪತ್ತೆರಡು.

ಡೆಲ್ಮಾ: ಅಪ್ಪಾ! ಏರಿದೆ ಕಣಪ್ಪಾ ಕಲ್ಲಿಗೆ!

ಅವಳು ಕಟಕಟೆಯ ಮೇಲಿಂದಲೇ ಲೊರೀನಳನ್ನು ತಬ್ಬಿಕೊಂಡಳು. ಹೋಬರ್ಟ್ ತಾನೂ ತಬ್ಬಲು ಕೈ ಚಾಚಿದ.

ಡೆಲ್ಮಾ: ಏನಯ್ಯಾ ಇದು? ಗುರುತು ಪರಿಚಯ ಇಲ್ಲದ ಹೆಂಗಸಿನ ಮೈಮೇಲೆ ಬೀಳ್ತೀಯಲ್ಲ!

ಹೋಬರ್ಟ್: ಡೆಲ್ಮಾ, ತಮಾಷೆ ಸಾಕು.

ಡೆಲ್ಮಾ: ಮಿಸ್ ಯೋಕಂ ಅನ್ನು.

ಹೋಬರ್ಟ್: ಮನೆಗೆ ಹೋಗೋಣ ನಡಿ.

ಡೆಲ್ಮಾ: ಯಾರ ಮನೆಗೆ? ಅದು ನನ್ನ ಹೆಸರಲ್ಲಿರೋ ಮನೆ. ನೀನೆಲ್ಲಿ ಇಳ್ಕೊಂಡಿದೀಯ?

ಲೊರೀನ್ ಏನನ್ನೋ ಹುಡುಕುವವಳಂತೆ ಮೇಜಿನ ಕೆಳಗೆ ಬಗ್ಗಿ ನಕ್ಕಳು. ಆಮೇಲೆ ಹೋಬರ್ಟ್ ಮಾಡಿದ್ದನ್ನು ಟಿಲ್‌ಫೋರ್ಡಿನ ಜನ ಈಗಲೂ ಆಡಿಕೊಳ್ಳುತ್ತಾರೆ. ಒಳ್ಳೆಯ ಮಂಡಿ, ನೋಯುವ ಮಂಡಿ ಎರಡನ್ನೂ ಊರಿ ಅವಳೆದುರು ಕೂತುಬಿಟ್ಟ.

ಹೋಬರ್ಟ್: ಡೆಲ್ಮಾ ಯೋಕಂ, ನನ್ನ ಮದುವೆ ಆಗ್ತೀಯಾ? ಬೇಗ ಹೇಳೇ, ಏಳೋಕಾಗ್ತಿಲ್ಲ.

ಡೆಲ್ಮಾ: ಯೋಚನೆ ಮಾಡ್ಬೇಕು.

ಹೋಬರ್ಟ್: ನಲವತ್ತಾರು ವರ್ಷ ಸಾಕಾಗ್ಲಿಲ್ವಾ?

ಡೆಲ್ಮಾ: ಆಗೆಲ್ಲ ನೀನು ಗಂಡ ಆಗಿಬಿಟ್ಟಿದೀಯ ಅಂದ್ಕೊಂಡಿದ್ದೆ, ಯೋಚಿಸಲಿಲ್ಲ. (ಕೈ ನೀಡಿ ಎಬ್ಬಿಸುತ್ತ) ಏಳು ಮಾರಾಯ. ಹೂಂ ಅಂದೆ.

ಲೊರೀನ್: ಮೇಲ್ಗಡೆ ಜಡ್ಜಮ್ಮ ಇನ್ನೂ ಇದ್ದಾರೆ, ಐದಕ್ಕೆ ಎದ್ದು ಹೋಗ್ತಾರೆ. ಅರ್ಜಿ ತುಂಬ್ತೀನಿ. ಹೋಬರ್ಟ್, ಹಿಂದೆ ಮದುವೆಯಾಗಿತ್ತಾ?

ಹೋಬರ್ಟ್: ಆಗಿದೆ ಅಂದ್ಕೊಂಡಿದ್ದೆ.

ಲೊರೀನ್: ಇಲ್ಲ ಅಂತ ಬರ್ಕೋತೀನಿ. ಮದುವೆಯಾದ ಮೇಲೆ ಇಟ್ಕೊಳೋ ಮನೆತನದ ಹೆಸರು?

ಡೆಲ್ಮಾ: ಯೋಕಂ. ಇನ್ನು ಜೀವ ಹೋದ್ರೂ ಬದಲಾಯಿಸಲ್ಲ.

ಲೊರೀನ್: ಸರಿ. ವರನದು? ಹೆಂಡತಿ ಹೆಸರೂ ತಗೋಬಹುದು, ಕಾನೂನಿದೆ.

ಕೇಳಿದ್ದು ವಾಡಿಕೆಗೆ. ಪೆನ್ನು ಆಗಲೇ ಕ್ರಂಪ್ಲರ್ ಎಂದು ಬರೆಯಲು ಹೊರಟಿತ್ತು. ಹೋಬರ್ಟ್ ಕಟಕಟೆಯ ಮೇಲಿನ ಐದು ಪುಸ್ತಕಗಳನ್ನು ನೋಡಿದ, ಕೆಂಪಾಗಿದ್ದ ಡೆಲ್ಮಾಳ ಕಣ್ಣು ನೋಡಿದ.

ಹೋಬರ್ಟ್: ಯೋಕಂ ಅಂತಲೇ ಬರಿಯವ್ವ.

ಡೆಲ್ಮಾ ಮೂಗು ಸೀಟಿದಳು, ಅವನ ಅಂಗಿಯ ಕಾಲರ್ ಸರಿಮಾಡಿದಳು. ಲೊರೀನ್ ಚಾಚಿದ ಪರವಾನಗಿಯನ್ನು ಹೋಬರ್ಟ್ ಹಿಡಿಯುವ ಮೊದಲೇ ಕಿತ್ತುಕೊಂಡು ತನ್ನ ಚೀಲಕ್ಕೆ ತುರುಕಿ, ಜಿಪ್ಪು ಎಳೆದಳು.

ಡೆಲ್ಮಾ: ನಡಿ ಮೇಲಕ್ಕೆ. ಯೋಕಂಗಳು ಕಾಗದ ಕಳೆಯೋರಲ್ಲ.