ಕರೆಯಲಿ ಎಂದು ಎದ್ದು ಹೋದವರು

ಅಂಗಡಿಯಿಂದ ಎದ್ದು ಹೋಗುವುದನ್ನು ಕಲಿಯದವರು ಸಂಸಾರ ಹೂಡಬಾರದು ಎಂಬುದು ನನ್ನ ಅಭಿಪ್ರಾಯ. ಬೆಲೆ ಕೇಳಿದಿರಿ, ಹೆಚ್ಚೆನಿಸಿತು. ಬೇಸರ ತೋರಿಸದೆ ಏಳಿ, ನಿಧಾನವಾಗಿ ನಡೆಯಿರಿ. ಅವಸರ ಮಾಡಿದರೆ ಅಂಗಡಿಯವನ ಕೂಗು ನಿಮಗೆ ಮುಟ್ಟುವುದಿಲ್ಲ. ಹಿಂದಿರುಗಿ ನೋಡಿದಿರೋ, ಅವನು ಕೂಗುವುದೇ ಇಲ್ಲ. ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ ಪಕ್ಕ ಸ್ಟೀಲ್ ಪಾತ್ರೆಯ ಅಂಗಡಿ ಇಟ್ಟಿರುವ ನಾನು ಇದನ್ನು ಎರಡೂ ಕಡೆಯಿಂದ ಬಲ್ಲೆ. ಮರಾಠಿಯಲ್ಲಿ "ರಾಹೂ ದ್ಯಾ", ಇರಲಿ ಬಿಡಿ, ಎಂದು ಡಬ್ಬಿ ಕೆಳಗಿಟ್ಟು ಹೊರಟವರನ್ನು "ಅಹೋ ತಾಈ, ಐಕಾ ತರೀ" ಎಂದು ಕರೆದೂ ಕರೆದೂ ನನ್ನ ಗಂಟಲು ಪಳಗಿದೆ.

ನನ್ನ ಮೆಚ್ಚಿನ ಕತೆಗಾರರೊಬ್ಬರಿಗೂ ಈ ವಿದ್ಯೆ ಗೊತ್ತಿತ್ತು. ವಿಠ್ಠಲವಾಡಿಯ ಫುಟ್‌ಪಾತಿನಲ್ಲಿ ಗೋಣಿ ಹಾಸಿ ಲೋಟ ಮಾರುತ್ತಿದ್ದ ಕಾಲದಲ್ಲಿ, ಗಿರಾಕಿಯಿಲ್ಲದ ಮಧ್ಯಾಹ್ನಗಳಲ್ಲಿ, ಅವರ ಒಂದು ಸಂಕಲನವನ್ನು ರಟ್ಟು ಕಿತ್ತುಹೋಗುವ ತನಕ ಓದಿದ್ದೇನೆ. ಅದರಲ್ಲೊಬ್ಬ ಮುದುಕಿ ಹಿತ್ತಾಳೆಯ ಕೊಡಪಾನ ಮಾರಲು ಸಂತೆಗೆ ಹೋಗುತ್ತಾಳೆ. ವ್ಯಾಪಾರಿ ತೀರ ಕಡಿಮೆಗೆ ಕೇಳುತ್ತಾನೆ. ಮುದುಕಿ ಕೊಡಪಾನ ಸೊಂಟಕ್ಕೇರಿಸಿ ನಿಧಾನವಾಗಿ ನಡೆಯುತ್ತಾಳೆ. ಕತೆ ಅಲ್ಲಿಗೆ ಮುಗಿಯುತ್ತದೆ. ಆ ಪುಣ್ಯಾತ್ಮ ಈಗಲಾದರೂ ಕರೆದಾನೇ ಎಂದು ನಾನು ಎಷ್ಟೋ ಸಲ ಕಾದಿದ್ದೇನೆ.

ಈ ಕತೆಗಳ ಮೇಲೆ ಮಾತಾಡಲು ನಮ್ಮೂರ ಕನ್ನಡ ಸಂಘದವರು ಬೆಂಗಳೂರಿನಿಂದ ಒಬ್ಬ ವಿಮರ್ಶಕರನ್ನು ಕರೆಸಿದರು. ಭಾನುವಾರ ಸಂಜೆ, ಶಾಲೆಯ ಹಾಲ್. ನಾನು ಅಂಗಡಿ ಮುಚ್ಚಿ, ಹೆಂಡತಿ ಸುಮತಿ ಟಿ.ವಿ. ಸಿನಿಮಾ ಬಿಟ್ಟು, ಮುಂದಿನ ಸಾಲಿನಲ್ಲೇ ಕುಳಿತೆವು. ವಿಮರ್ಶಕರು ಕಣ್ಣು ಮುಚ್ಚಿ ಹೇಳಿದರು: "ಮುದುಕಿ ಮಾರುಕಟ್ಟೆಯನ್ನೇ ನಿರಾಕರಿಸಿದ್ದಾಳೆ. ಅದು ಮರಳಿ ಬರಲಾರದ ನಡಿಗೆ."

ನನ್ನ ಮುದುಕಿಯನ್ನು ಇವರು ಉಪವಾಸ ಕೆಡವುತ್ತಿದ್ದಾರಲ್ಲ ಎಂದು ಎದ್ದು ನಿಂತೆ.

"ಸ್ವಾಮಿ, ಅವಳ ಮನೆಯಲ್ಲಿ ಅಕ್ಕಿ ಇಲ್ಲ ಅಂತ ಕತೆಯಲ್ಲೇ ಇದೆ. ಕೊಡಪಾನ ಮಾರದೆ ರಾತ್ರಿಗೆ ಏನು ತಿನ್ನುತ್ತಾಳೆ, ನಿರಾಕರಣೆಯನ್ನೇ? ಅಷ್ಟು ನಿಧಾನ ಯಾಕೆ ನಡೆದಳು, ಹೇಳಿ?"

"ನೆನಪುಗಳ ಭಾರ," ಎಂದರು ಅವರು.

"ಖಾಲಿ ಕೊಡಪಾನ ಸ್ವಾಮಿ! ಕರೆದರೆ ಕೇಳಿಸಲಿ ಅಂತ ನಿಧಾನ."

"ನಿಮ್ಮದು ವ್ಯಾಪಾರಿಯ ಓದು," ಎಂದು ವಿಮರ್ಶಕರು ಮುಗುಳ್ನಕ್ಕರು. ವಿಜಾಪುರದ ಕಡೆಯ ನಮ್ಮ ಕಾರ್ಯದರ್ಶಿ ಕೈಮುಗಿದರು: "ಕುಂದರ್ರಿ ಸಾಹುಕಾರ್ರ, ದೊಡ್ಡವರು ಮಾತಾಡಾಕತ್ತಾರ."

ದೊಡ್ಡವರಂತೆ! ನನಗೆ ಬರುವ ವಿದ್ಯೆ ಒಂದೇ. ಹೊರಟೆ, ನಿಧಾನವಾಗಿ, ಹಿಂದೆ ನೋಡದೆ. "ಬನ್ನಿ, ನಿಮ್ಮ ಮಾತೂ ಸರಿ" ಎಂದು ಅರ್ಧಕ್ಕಾದರೂ ಇಳಿದಾರು ಎಂಬ ಧೈರ್ಯ. ಬಾಗಿಲ ಬಳಿ ಚಪ್ಪಲಿ ಹುಡುಕಿದೆ. ಸಿಕ್ಕಿತು. ಮತ್ತೊಮ್ಮೆ ಹುಡುಕಿದೆ. ಒಳಗಿನಿಂದ ಚಪ್ಪಾಳೆಯ ಸದ್ದು ಬಂತೇ ಹೊರತು ಕೂಗು ಬರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸುಮತಿ ಬಟಾಟೆ ವಡೆ ತಿನ್ನುತ್ತಾ ಬಂದಳು.

"ಆ ಚಪ್ಪಾಳೆ ಯಾರಿಗೆ?"

"ನಿಮ್ಗೇ ಮಾರಾಯ್ರೆ! ನೀವು ಎದ್ದು ಹೋದ ಕೂಡ್ಲೆ ಅವ್ರು ನಿಮ್ಮನ್ನು ತೋರಿಸಿ ಹೇಳಿದ್ರು, 'ಅಗೋ ನೋಡಿ, ಅದೇ ನಿರಾಕರಣೆಯ ನಡಿಗೆ' ಅಂತ."

"ನೀನೂ ತಟ್ಟಿದೆಯಾ?"

"ಮತ್ತೆಂತ ಮಾಡುದು? ನಂಗೂ ಹಾಗೇ ಕಂಡಿತು."

ಆದ್ದರಿಂದ ಮೇಲಿನ ಸಲಹೆಗೆ ಸಣ್ಣ ತಿದ್ದುಪಡಿ. ಎದ್ದು ಹೋಗುವ ಮೊದಲು, ನಿಮ್ಮ ಕೈಯಲ್ಲಿರುವುದು ಎದುರಿನವನಿಗೆ ಬೇಕೋ ಬೇಡವೋ ನೋಡಿಕೊಳ್ಳಿ. ಮುದುಕಿಯ ಹತ್ತಿರ ಕೊಡಪಾನವಾದರೂ ಇತ್ತು.