ಫಿಜೂಲ್ ತೆರಪಿ

ನನಗೆ ಕಾಯಿಲೆಗಳ ಮೇಲೆ ಅಂಥ ಸಿಟ್ಟೇನಿಲ್ಲ. ಬರುತ್ತವೆ, ಇರುತ್ತವೆ, ಮನಸ್ಸಾದರೆ ಹೋಗುತ್ತವೆ. ನನ್ನ ಸಿಟ್ಟೆಲ್ಲ ಕಾಯಿಲೆ ವಿಚಾರಿಸಲು ಬರುವವರ ಮೇಲೆ. ಅವರು ಬರುತ್ತಾರೆ, ಚಹಾ ಕುಡಿಯುತ್ತಾರೆ, ಲೋಟ ಇಟ್ಟು ಮಗುವಿನ ಕಡೆ ನೋಡಿ ಲೊಚಗುಟ್ಟುತ್ತಾರೆ, ಹೊರಡುವಾಗ ಚಪ್ಪಲಿ ಮೆಟ್ಟುತ್ತ ಬಾಗಿಲಲ್ಲಿ ನಿಂತು ಒಂದು ಸಲಹೆ ಕೊಡುತ್ತಾರೆ. ನಾನು ಜಹೀರಾಬಾದಿನ ಗಂಜಿನಲ್ಲಿ, ಅಂದರೆ ದವಸದ ಪೇಟೆಯ ಆಫೀಸಿನಲ್ಲಿ, ಗುಮಾಸ್ತ. ದಿನವಿಡೀ ತೊಗರಿ, ಜೋಳ, ಕಡಲೆಯ ಧಾರಣೆ ಬರೆಯುವವನು. ಕೇಳುವವರಿಲ್ಲದ ಮಾಲನ್ನು ಯಾವ ರೈತನೂ ಗಾಡಿಗೆ ಹೇರಿಕೊಂಡು ಬರುವುದಿಲ್ಲ. ಯಾರೂ ಕೇಳದಿದ್ದರೂ ಬಾರಾ ತಿಂಗಳೂ ಆವಕವಿರುವ ಮಾಲು ಎಂದರೆ ಸಲಹೆಯೊಂದೇ. ಅದೂ ನಮ್ಮ ಮನೆಗೆ ಬಂದಷ್ಟು ಬೇರೆಲ್ಲೂ ಬಂದಿರಲಾರದು.

ಕಾರಣ ನಮ್ಮ ಮಗಳು ನೀಲಾ. ಎರಡು ವರ್ಷ ದಾಟಿದರೂ ಅವಳು ನಡೆಯಲಿಲ್ಲ. ಮಾತು ಮಾತ್ರ ಬೇಗ ಬಂದಿತ್ತು. ಕೂತಲ್ಲಿಂದಲೇ ಮನೆಯ ಕಾರುಬಾರನ್ನೆಲ್ಲ ನಡೆಸುತ್ತಿದ್ದಳು; ತೀರಾ ಅವಸರವಾದರೆ ಕುಂಡಿ ಎಳೆದುಕೊಂಡು ಅಡಿಗೆಮನೆಯವರೆಗೆ ಹೋಗುತ್ತಿದ್ದಳು. ಕಂಕುಳಿಗೆ ಕೈಕೊಟ್ಟು ನಿಲ್ಲಿಸಿದರೆ ಮೊಣಕಾಲು ಮಡಚಿ ಮೆಲ್ಲಗೆ ಕೂತುಬಿಡುತ್ತಿದ್ದಳು, ನಿಲ್ಲುವುದು ಬಡವರ ಕೆಲಸ ಎನ್ನುವ ಹಾಗೆ. ನನ್ನ ಅವ್ವ ಮೊದಮೊದಲು ಇದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. "ನಿನ್ನಂಗೇ ಅದ ಕೂಸು. ನೀನೂ ತಡಾನೇ ನಡದಿ. ಈಗೂ ಆಫೀಸಿಗಿ ತಡಾನೇ ಹೋಗ್ತಿ" ಅಂದಳು. ಆದರೆ ನಮ್ಮ ಓಣಿಯಲ್ಲಿ ನೀಲಾಳ ನಂತರ ಹುಟ್ಟಿದ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಎದ್ದು ನಮ್ಮ ಅಂಗಳಕ್ಕೇ ಓಡಿಬಂದು ಆಡತೊಡಗಿದಾಗ, ನನ್ನ ಹೆಂಡತಿ ಶಾಂತಾ ಸಂಜೆಹೊತ್ತು ಬಾಗಿಲು ಮುಚ್ಚಿಕೊಳ್ಳತೊಡಗಿದಳು. ಆಗ ನನಗೂ ಹೆದರಿಕೆ ಹತ್ತಿತು.

ದವಾಖಾನೆಯ ಡಾಕ್ಟರು ತೆಲುಗಿನವರು, ಒಳ್ಳೆಯವರು. ಸಣ್ಣ ಸುತ್ತಿಗೆಯಿಂದ ಮೊಣಕಾಲು ತಟ್ಟಿ, ಪಾದ ಹಿಡಿದು ತಿರುಗಿಸಿ, ಎಲುಬು ನರ ಎಲ್ಲ ಸರಿ ಇವೆ, ಸ್ನಾಯುಗಳು ಹುಟ್ಟಿನಿಂದಲೇ ಮೆತ್ತಗಿವೆ ಅಂದರು. ಇದಕ್ಕೆ ಔಷಧವಿಲ್ಲ, ಫಿಜಿಯೋಥೆರಪಿ ಮಾಡಿಸಬೇಕು, ಈಗಲೇ ಮಾಡಿಸಬೇಕು, ಹಾಗೇ ಬಿಟ್ಟರೆ ಮುಂದೆ ಕಷ್ಟ ಅಂದರು. ಆ ಶಬ್ದವನ್ನು ನಾನು ಬಾಯಲ್ಲಿ ಬೆಲ್ಲ ಇಟ್ಟುಕೊಂಡವನಂತೆ ಜೋಪಾನವಾಗಿ ಮನೆಗೆ ತಂದು ಹೇಳಿದೆ. ಅವ್ವನ ಕಿವಿಗೆ ಅದು "ಫಿಜೂಲ್ ತೆರಪಿ" ಎಂದು ಬಿತ್ತು. ನಮ್ಮ ಕಡೆಯ ಉರ್ದುವಿನಲ್ಲಿ ಫಿಜೂಲ್ ಅಂದರೆ ವ್ಯರ್ಥ, ದಂಡ. ತೆರಪು ಅಂದರೆ ಕನ್ನಡದಲ್ಲಿ ಬಿಡುವು. ಎರಡನ್ನೂ ಕೂಡಿಸಿದರೆ, ಕೆಲಸವಿಲ್ಲದವರು ಹೊತ್ತು ಕಳೆಯುವುದಕ್ಕೆ ಮಾಡುವ ಏನೋ ಒಂದು ಎಂದಾಗುತ್ತದೆ. "ಹೆಸರಿನಾಗೇ ಫಿಜೂಲ್ ಅದ ಅಂತ ಅವ್ರೇ ಹೇಳ್ಲತ್ತಾರ, ಮತ್ತ ಯಾಕ ಹೋಗ್ತಿ?" ಎಂದು ಅವ್ವ ಕೇಳಿದಳು. ನಾನು ತಿದ್ದಿದೆ. ಮರುದಿನದೊಳಗೆ ಓಣಿಯೆಲ್ಲ ಅವ್ವನ ಪಾಠವನ್ನೇ ಒಪ್ಪಿಕೊಂಡಿತ್ತು.

ಡಾಕ್ಟರ ಹತ್ತಿರವಿದ್ದ ಕಂಪೌಂಡರ್ ನಮಗೆ ತಿಳಿಯಲಿ ಎಂದು "ಕಸರತ್ ಸಾಬ್, ಬಚ್ಚೀಕು ಕಸರತ್ ಕರಾನಾ" ಎಂದಿದ್ದ. ಅದೇ ತಪ್ಪಾಯಿತು. ಕೊಹೀರಿನಿಂದ ಬಂದ ಶಾಂತಾಳ ತಮ್ಮ ವೀರಣ್ಣ ಅಷ್ಟನ್ನೇ ಹಿಡಿದುಕೊಂಡ. ನಮ್ಮಲ್ಲಿ ಕಸರತ್ತು ಅಂದರೆ ತಾಲೀಮು, ಗರಡಿ, ಕೆಂಪು ಮಣ್ಣು, ಲಂಗೋಟಿ. ಅವನು ನೇರ ಹೋಗಿ ಒಬ್ಬ ಉಸ್ತಾದನನ್ನೇ ಕರೆದುಕೊಂಡು ಬಂದ. ಉಸ್ತಾದ ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ, ಭುಜ ಓರೆ ಮಾಡಿ ಒಳಗೆ ಬಂದ. ನೀಲಾ ಅವನ ಮೀಸೆ ನೋಡಿ ಸಂತೋಷದಿಂದ ಚಪ್ಪಾಳೆ ತಟ್ಟಿದಳು. ಅವನು ಬಹಳ ಹೊತ್ತು ವಿಚಾರ ಮಾಡಿ, ಹಾಲು, ಬಾದಾಮಿ, ಮುಂಜಾನೆ ಎದ್ದು ಬೈಠಕ್, ಅಂದರೆ ಬಸ್ಕಿ, ಎಂದ. ಬೈಠಕ್ ಹೊಡೆಯಬೇಕಾದರೆ ಮೊದಲು ಎದ್ದು ನಿಲ್ಲಬೇಕಲ್ಲ ಎಂದು ನಾನು ಕೇಳಿದೆ. ಉತ್ತರ ಕೊಟ್ಟವನು ವೀರಣ್ಣ. "ಕೂಡೋದಂತೂ ಅಕಿಗಿ ಬರ್ತದಲ್ರಿ ಮಾವ. ಅರ್ಧಾ ಬೈಠಕ್ ಆತು. ಇನ್ನ ಅರ್ಧಾ ಕಲಿಸಿದ್ರ ಸಾಕು." ಉಸ್ತಾದ ಬಾದಾಮಿಯ ವಿಷಯವನ್ನು ಇನ್ನೊಮ್ಮೆ ನೆನಪಿಸಿ ಹೋದ. ಬಾದಾಮಿ ತಂದೆವು. ಮೂರು ಪಾಲು ವೀರಣ್ಣನೇ ತಿಂದ.

ಆಮೇಲೆ ತಾಂಡೂರಿನ ನನ್ನ ತಂಗಿಯ ಸರದಿ. ಅವಳು ಮೂರು ಗಾಲಿಯ ಮರದ ಗಾಡಿ ಮಾಡಿಸಿಟ್ಟು, ಕೂಸನ್ನು ಕರಕೊಂಡು ಬಾ ಎಂದು ಹೇಳಿ ಕಳಿಸಿದಳು. ತಾಂಡೂರಿನ ಮನೆಗಳ ನೆಲ ಗೊತ್ತಲ್ಲ, ಅಲ್ಲಿಯದೇ ಕಲ್ಲು, ಮುಖ ಕಾಣುವಷ್ಟು ನುಣುಪು ಮಾಡಿ ಹಾಸಿರುತ್ತಾರೆ. ನೀಲಾಳ ಕೈಗೆ ಗಾಡಿ ಹಿಡಿಸಿ ನಿಲ್ಲಿಸಿದ್ದೇ ತಡ, ಗಾಡಿ ಒಂದು ಕಡೆ, ಕೂಸು ಒಂದು ಕಡೆ. ಗಾಡಿ ಪಡಸಾಲೆ ದಾಟಿ, ಮೆಟ್ಟಿಲಿಳಿದು, ಅಂಗಳದಲ್ಲಿ ಬಿಸಿಲು ಕಾಯಿಸಿಕೊಳ್ಳುತ್ತಿದ್ದ ತಂಗಿಯ ಗಂಡನ ಕಾಲಿಗೆ ಹೊಡೆಯಿತು. ಆ ದಿನ ನಡೆಯಲು ಬಾರದವರು ಮನೆಯಲ್ಲಿ ಇಬ್ಬರಾದರು.

ನಾರಾಯಣಖೇಡದ ಸಲಹೆ ಮಾತ್ರ ನಗುವಂಥದಾಗಿರಲಿಲ್ಲ. ಶಾಂತಾಳ ತವರಿನ ಕಡೆಯ ಮುದುಕಿಯೊಬ್ಬಳು, ಗ್ರಹಣದ ದಿನ ಕೂಸನ್ನು ಸೊಂಟದವರೆಗೆ ಮಣ್ಣಿನಲ್ಲಿ ಹೂಳಿದರೆ ಕಾಲಿಗೆ ಶಕ್ತಿ ಬರುತ್ತದೆ, ಗ್ರಹಣ ಹತ್ತಿರದಲ್ಲೇ ಇದೆ ಅಂದಳು. ಶಾಂತಾ "ನನ್ನ ಮಗಳೇನು ಗೆಣಸಾ?" ಎಂದು ಎದ್ದು ಒಳಗೆ ಹೋದಳು. ನಾನು ಓದಿದವನು, ದೊಡ್ಡ ದನಿಯಲ್ಲಿ ಇದೆಲ್ಲ ಮೂಢನಂಬಿಕೆ ಎಂದೆ. ಸಂಜೆ ಹಿತ್ತಲಿಗೆ ಹೋದವನು, ಅಲ್ಲಿಯ ಮಣ್ಣು ಮೆತ್ತಗಿದೆಯೋ ಗಟ್ಟಿಯಿದೆಯೋ ಎಂದು ಕಾಲಿನಿಂದ ಕೆದರಿ ನೋಡುತ್ತಿದ್ದೆ. ಏನು ಮಾಡುತ್ತಿದ್ದೇನೆ ಎಂದು ಅರಿವಾದಾಗ ನನಗೇ ಅಳು ಬಂತು. ಇವಳು ನಡೆಯದೇ ಹೋದರೆ, ನಾವಿಬ್ಬರೂ ಹೋದ ಮೇಲೆ ಇವಳನ್ನು ಯಾರು ಎತ್ತಿಕೊಳ್ಳುತ್ತಾರೆ ಎನ್ನುವುದೊಂದೇ ಚಿಂತೆ ತಲೆಯಲ್ಲಿತ್ತು. ಮರುದಿನವೇ ಎಲ್ಲರ ಬಾಯಿ ಮುಚ್ಚಿಸಿ ಫಿಜಿಯೋಥೆರಪಿಗೇ ಹೊರಡುವುದೆಂದು ನಿಶ್ಚಯಿಸಿದೆ.

ಆದರೆ ಎಲ್ಲಿಗೆ? ಹೈದರಾಬಾದಿಗೋ ಬೀದರಿಗೋ? ರಾಜ್ಯಗಳನ್ನು ಹಂಚಿದಾಗ ನಮ್ಮ ಊರು ತೆಲುಗಿನ ಕಡೆ ಉಳಿದಿತ್ತು, ಬೀದರ್ ಕನ್ನಡದ ಕಡೆ ಹೋಗಿತ್ತು. ಇದರ ಮೇಲೆ ಮನೆಯಲ್ಲಿ ರಾಜ್ಯ ವಿಂಗಡಣೆಯೇ ಎರಡನೆಯ ಸಲ ನಡೆಯಿತು. "ನಮ್ಮ ಸರ್ಕಾರ ಹೈದರಾಬಾದಿನಾಗ ಅದ. ಬೀದರ್ ಈಗ ಪರರಾಜ್ಯ. ಅವ್ರು ನಮ್ಮ ಕೂಸಿನ ಕಾಲು ಯಾಕ ನೋಡ್ತಾರ?" ಎಂದು ವೀರಣ್ಣ. "ಪರರಾಜ್ಯ ಹ್ಯಾಂಗ ಆಗ್ತದೋ? ನನ್ನ ತವರಮನಿ ಅದು" ಎಂದು ಅವ್ವ. ಗೆರೆ ಎಳೆದವರು ಅವ್ವನನ್ನು ಕೇಳದೇ ಎಳೆದಿದ್ದರಿಂದ ಅವಳು ಅದನ್ನು ಇವತ್ತಿನವರೆಗೂ ಮಂಜೂರು ಮಾಡಿಲ್ಲ. ಕಡೆಗೆ ದೊಡ್ಡ ಊರೇ ಲೇಸೆಂದು ಹೈದರಾಬಾದಿಗೆ ಹೋದೆವು. ಅಲ್ಲಿ ಕಸರತ್ತು ಮಾಡಿಸುವಾತ ಚುರುಕಿನ ಮನುಷ್ಯ. ನೀಲಾಳಿಗೆ ತೆಲುಗಿನಲ್ಲಿ "ಲೇ, ಲೇ" ಅಂದ. ಎದ್ದೇಳು ಎಂದು ಅದರ ಅರ್ಥ. ನಮ್ಮ ಮಗಳಿಗೆ ಗೊತ್ತಿದ್ದದ್ದು, ಅವ್ವ ಸಿಟ್ಟು ಬಂದಾಗ ನನ್ನನ್ನು ಕರೆಯುವ "ಲೇ" ಮಾತ್ರ. ಅವಳು ನನ್ನನ್ನು ನೋಡಿದಳು. ಆತ ಮತ್ತೆ "ಲೇ" ಅಂದ. ಅವಳು ಬೆರಳು ಮಾಡಿ ನನ್ನನ್ನು ತೋರಿಸಿದಳು. ಸಂಜೆಯ ಬಸ್ಸಿನಲ್ಲಿ ಶಾಂತಾ ತೀರ್ಮಾನ ಹೇಳಿದಳು: "ಕೂಸಿಗಿ ತಿಳಿಯೂ ಮಾತಿನಾಗ ಹೇಳೋರು ಬೇಕ್ರಿ. ಬೀದರಿಗೇ ಹೋಗಮು."

ಕನ್ನಡಕ್ಕಾಗಿ ಗಡಿ ದಾಟಿದೆವು ಎಂದು ಆಫೀಸಿನಲ್ಲಿ ನಾನು ಸ್ವಲ್ಪ ಬೀಗಿಯೂ ಬೀಗಿದೆ. ಬೀದರಿನ ದವಾಖಾನೆಯಲ್ಲಿ ಕಸರತ್ತು ಮಾಡಿಸಲು ಮೈಸೂರು ಕಡೆಯಿಂದ ಬಂದ ಹುಡುಗಿಯೊಬ್ಬಳಿದ್ದಳು. ಅವ್ವ ಅವಳಿಗೆ ನೋಡಿದ ಕೂಡಲೇ "ಕಸರತ್ ಬಾಯಿ" ಎಂದು ನಾಮಕರಣ ಮಾಡಿದಳು. ಕಸರತ್ ಬಾಯಿ ಚಾಪೆ ಹಾಸಿ, ದೊಡ್ಡ ಚೆಂಡೊಂದನ್ನು ತಂದು, ನೀಲಾಳನ್ನು ಅದರ ಮೇಲೆ ಬೋರಲು ಮಲಗಿಸಿ ಹಿಂದೆ ಮುಂದೆ ಉರುಳಿಸಿದಳು. ಸಣ್ಣ ಮೇಜಿಗೆ ಆನಿಸಿ ನಿಲ್ಲಿಸಿ, ಮೇಜಿನ ಮೇಲೆ ಗಿಲಕಿ ಇಟ್ಟಳು. ಅವ್ವ ಗೋಡೆಗೆ ಒರಗಿ ನೋಡಿದಳು. "ಚೆಂಡು ಆಡಾಕ ಇಷ್ಟು ದೂರ ಬರಬೇಕಿತ್ತಾ? ನಾ ಅಂದಿಲ್ಲೇನು, ಫಿಜೂಲ್ ಅಂತ" ಎಂದು ನನ್ನ ಕಿವಿಯಲ್ಲಿ, ಅಂದರೆ ಇಡೀ ದವಾಖಾನೆಗೆ ಕೇಳುವಂತೆ, ಹೇಳಿದಳು.

ಕೊನೆಗೆ ಆ ಹುಡುಗಿ ನಾಲ್ಕು ಹೆಜ್ಜೆ ಹಿಂದೆ ಸರಿದು ಕೂತು, ಕೈ ಚಾಚಿ, "ನಡಿ ಪುಟ್ಟಾ, ನಡಿ" ಅಂದಳು. ಮೇಜು ಹಿಡಿದು ನಿಂತಿದ್ದ ನೀಲಾಳ ಮುಖ ಅರಳಿತು. ಇದಕ್ಕಾಗಿಯೇ ಅಲ್ಲವೇ ಗಡಿ ದಾಟಿ ಬಂದದ್ದು ಎಂದು ನಾನು ಶಾಂತಾಳ ಕಡೆ ನೋಡಿದೆ. ಅಷ್ಟರಲ್ಲಿ ನೀಲಾ ಮೇಜು ಬಿಟ್ಟು, ಎರಡೂ ಕೈ ಮೇಲಕ್ಕೆತ್ತಿ, ಧೊಪ್ಪನೆ ಕೂತಳು. ಮತ್ತೆ ನಿಲ್ಲಿಸಿ "ನಡಿ" ಅಂದರೆ ಮತ್ತೆ ಕೈ ಮೇಲೆ, ಮತ್ತೆ ಕೂಡುವುದು. ಹುಡುಗಿ ಹುಬ್ಬು ಗಂಟಿಕ್ಕಿ ನಮ್ಮನ್ನು ಕೇಳಿದಳು: "ಮನೇಲಿ ನಡಿ ಅಂತ ಯಾವಾಗ ಹೇಳ್ತೀರಿ?"

ಯಾವಾಗ ಹೇಳುವುದಿಲ್ಲ? ನಮ್ಮ ಕಡೆ ನಡಿ ಅಂದರೆ ಹೋಗೋಣ ಎಂದು. ನಡಿ, ಅಂಗಡಿಗೆ ಹೋಗಮು. ನಡಿ, ಉಣ್ಣಮು. ನಡಿ, ಗುಡಿಗೆ ಹೋಗಿ ಬರಮು. ಪ್ರತಿಯೊಂದು ನಡಿಯ ಹಿಂದೆಯೂ ನಮ್ಮಲ್ಲಿ ಯಾರಾದರೊಬ್ಬರು ಬಗ್ಗಿ ಅವಳನ್ನು ಎತ್ತಿ ಬಗಲಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಕಾಲು ಮೆತ್ತಗಿರುವ ಕೂಸು, ಪಾಪ, ಎಂದು ಓಣಿಯವರೂ ಎತ್ತುತ್ತಿದ್ದರು. ಜಹೀರಾಬಾದನ್ನು ಅವಳು ನೋಡಿದ್ದೇ ಜನರ ಸೊಂಟದ ಮೇಲಿನಿಂದ. ಅವಳ ನಿಘಂಟಿನಲ್ಲಿ ನಡಿ ಎಂದರೆ ಕೈ ಮೇಲಕ್ಕೆತ್ತು, ಯಾರೋ ಎತ್ತಿಕೊಳ್ಳುತ್ತಾರೆ. ನಾವು ಹುಡುಕಿಕೊಂಡು ಬಂದ ಕನ್ನಡ ಅವಳಿಗೆ ಚೆನ್ನಾಗಿಯೇ ಅರ್ಥವಾಗಿತ್ತು.

ಹುಡುಗಿ ನಕ್ಕಳು, ಆಮೇಲೆ ನಗದೇ ಹೇಳಿದಳು. ಕಾಲು ಮೆತ್ತಗಿರುವುದು ನಿಜ, ಅದು ನಿಮ್ಮ ತಪ್ಪಲ್ಲ. ನಾನು ತೋರಿಸಿದ್ದನ್ನು ದಿನಾ ಮಾಡಿಸಿ, ತಪ್ಪದೆ ಇಲ್ಲಿಗೆ ಬನ್ನಿ, ಬಲ ಬರುತ್ತದೆ. ಆದರೆ ಎತ್ತಿಕೊಳ್ಳುವುದನ್ನು ಬಿಡಿ. ಬಂದ ಬಲ ಉಪಯೋಗಿಸಲು ಅವಳಿಗೆ ಕಾರಣ ಬೇಕು.

ಎತ್ತಿಕೊಳ್ಳಬೇಡಿ ಎಂಬ ಈ ಮಾತಿನಷ್ಟು ತ್ರಾಸು ಯಾವ ಕಸರತ್ತೂ ಕೊಡಲಿಲ್ಲ. ಮನೆಯಲ್ಲಿ ನಾನು ಹುಕುಂ ಹೊರಡಿಸಿದೆ: ಯಾರೂ ನೀಲಾಳನ್ನು ಎತ್ತಕೂಡದು. ಅವ್ವ ಒಪ್ಪಿದಳು. ನಾನು ಹೊರಗೆ ಹೋಗಿ ಮರೆತ ಕೊಡೆಗಾಗಿ ತಿರುಗಿ ಬಂದರೆ, ನೀಲಾ ಅವ್ವನ ಬಗಲಲ್ಲಿ. "ನಾ ಎತ್ತಿಲ್ಲ. ಅಕೀನೇ ಏರ್ಯಾಳ" ಎಂದಳು ಅವ್ವ. ವೀರಣ್ಣ ಬಂದರೆ ಕೂಸನ್ನು ಹೆಗಲ ಮೇಲೆ ಕೂಡಿಸಿಕೊಂಡು, "ಬಗಲು ಬ್ಯಾಡ ಅಂದೀರಿ, ಹೆಗಲಿನ ಮಾತು ಎಲ್ಲಿ ಬಂದದ?" ಎಂದು ವಾದಿಸುತ್ತಿದ್ದ. ನೀರಿನ ನಲ್ಲಿಯ ಹತ್ತಿರ ನಾವು ಮಗುವನ್ನು ಮುಟ್ಟದ ಕಲ್ಲೆದೆಯ ತಂದೆತಾಯಿ ಎಂದು ಹೆಸರಾಯಿತು. ಎಲ್ಲಕ್ಕಿಂತ ಕಷ್ಟ ನೀಲಾಳದೇ. ಮೊದಲ ವಾರವೆಲ್ಲ ಅವಳು ಕೈ ಮೇಲೆತ್ತಿ, ಒಬ್ಬೊಬ್ಬರ ಮುಖ ನೋಡಿ, ನಾವು ಬೇರೆ ಕಡೆ ತಿರುಗಿದರೆ ಕೈ ಇಳಿಸಿಕೊಳ್ಳುತ್ತಿದ್ದಳು. ಅಳುತ್ತಲೂ ಇರಲಿಲ್ಲ. ಅತ್ತಿದ್ದರೆ ಒಳ್ಳೆಯದಿತ್ತು. ಶಾಂತಾ ಎಷ್ಟೋ ಸಲ ಒಲೆಯ ಹೊಗೆಯ ನೆಪದಲ್ಲಿ ಕಣ್ಣೊರೆಸಿಕೊಂಡಿದ್ದಾಳೆ. ಬೆಳಿಗ್ಗೆ ಸಂಜೆ ಕಾಲಿನ ಕಸರತ್ತು ಮಾಡಿಸಿದವಳು ಅವಳೇ. ಬೀದರಿನ ಬಸ್ಸಿನಲ್ಲಿ ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಬಹುದೋ ಇಲ್ಲವೋ ಎಂದು ನಾವು ಜಗಳಾಡಿದ್ದೂ ಉಂಟು. ಸೀಟು ಬೇಕಾದರೆ ಟಿಕೀಟು ತೆಗೆಯಿರಿ ಎಂದು ಕಂಡಕ್ಟರನೇ ಬಗೆಹರಿಸಿದ.

ಮಳೆಗಾಲ ಕಳೆದು ತೊಗರಿ ಹೂ ಬಿಡುವ ಹೊತ್ತಿಗೆ ನೀಲಾ ಗೋಡೆ ಹಿಡಿದು ಮನೆಯೆಲ್ಲ ಸುತ್ತತೊಡಗಿದ್ದಳು. ಒಂದು ಮುಂಜಾನೆ ನಾನು ಆಫೀಸಿಗೆ ಹೊರಟು ಪಡಸಾಲೆಯಲ್ಲಿ ನಿಂತಿದ್ದೆ. ಅವಳು ಗೋಡೆ ಬಿಟ್ಟಳು. ಬಿಟ್ಟು ನಿಂತಳು. ಅಂಗಳದಲ್ಲಿ ಓಣಿಯ ಮಕ್ಕಳು ಆಡುವ ಸದ್ದು ಕೇಳುತ್ತಿತ್ತು. ಒಂದು ಕಾಲು ಮುಂದಿಟ್ಟಳು, ಆಮೇಲೆ ಇನ್ನೊಂದು. ಶಾಂತಾ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಅವ್ವ ಎಲ್ಲಿ ಮರೆತು ಎತ್ತಿಬಿಡುತ್ತೇನೋ ಎಂದು ತನ್ನ ಕೈಗಳನ್ನು ತಾನೇ ಬೆನ್ನ ಹಿಂದೆ ಹಿಡಿದುಕೊಂಡಳು. ಹುಕುಂ ಹೊರಡಿಸಿದ್ದ ನಾನು ಮಾತ್ರ ಓಡಿಹೋಗಿ ಅವಳ ಮುಂದೆ ಮೊಣಕಾಲೂರಿ, ಎರಡೂ ಕೈ ಚಾಚಿ, "ಬಾ ನೀಲವ್ವ, ಬಾ ನನ್ನವ್ವ" ಎಂದೆ.

ಅವಳು ನಿಂತಳು. ನನ್ನ ಕೈಗಳನ್ನು ನೋಡಿದಳು. ನನ್ನ ಹೆಗಲಿನ ಮೇಲಿಂದ ಅಂಗಳದ ಕಡೆ ನೋಡಿದಳು. ಆಮೇಲೆ ಚಾಚಿದ ಕೈಯನ್ನು ಪಕ್ಕಕ್ಕೆ ನೂಕಿ, "ಅಪ್ಪಾ, ನಡಿ" ಅಂದಳು.

ಹೋಗೋಣ ಎನ್ನುತ್ತಿದ್ದಾಳೆ ಎಂದುಕೊಂಡು ನಾನು ಎತ್ತಲು ಬಗ್ಗಿದೆ. ಹಿಂದಿನಿಂದ ಅವ್ವ ಅಂದಳು: "ಹಾದಿ ಬಿಡು ಅಂತಾಳ. ಸರಿ ಅತ್ಲಾಗ."

ಸರಿದೆ. ಅವಳು ನನ್ನನ್ನು ದಾಟಿ, ಹೊಸ್ತಿಲು ಹಿಡಿದು, ಹೊರಗೆ ಹೋದಳು. ನನ್ನ ಕೈಗಳು ಮಾತ್ರ ಚಾಚಿದ ಹಾಗೇ ಇದ್ದವು. ಅವನ್ನು ಏನು ಮಾಡಬೇಕೆಂದು ಬೀದರಿನಲ್ಲಿ ಕೇಳಿಕೊಂಡು ಬಂದಿರಲಿಲ್ಲ.